ಕಣ್ಣೆದುರೇ ಮುಂದೆ ಹೋದ ನೇಗಿಲು

ಇವತ್ತು ಅಮೆರಿಕದ ಲೇಖಕ ಫ್ರಾಂಕ್ ನಾರಿಸ್‌ನ ಕಾದಂಬರಿ ‘ದಿ ಆಕ್ಟೋಪಸ್’ (1901) ಮತ್ತೆ ತೆಗೆದೆ. ಗೋಧಿ ರೈತರಿಗೂ ರೈಲು ಕಂಪನಿಗೂ ನಡೆಯೋ ಜಗಳದ ಕಥೆ. ನೇಗಿಲಿನ ಪ್ರಸಂಗ ದಾಟಿ ಮುಂದೆ ಹೋಗೋಕೆ ಆಗಲಿಲ್ಲ.

ಕ್ಯಾಲಿಫೋರ್ನಿಯಾದ ಗೋಧಿ ಬೆಳೆಗಾರ ಅಮೆರಿಕದ ಪೂರ್ವ ಭಾಗದಿಂದ ನೇಗಿಲು ತರಿಸಿದ್ದಾನೆ. ಗೂಡ್ಸ್ ಗಾಡಿ ಅವನೂರಿನ ಸ್ಟೇಷನ್ನಿಗೇ ಬಂದಿದೆ. ಉಳುಮೆ ಕಾಲ ಬೇರೆ. ಆದರೂ ಇಳಿಸಿಕೊಳ್ಳೋ ಹಾಗಿಲ್ಲ! ರೈಲು ಕಂಪನಿಯ ನಿಯಮದಂತೆ ಅದು ಮೊದಲು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕು, ಅಲ್ಲಿಂದ ವಾಪಸ್ ಬರಬೇಕು. ವಾಪಸ್ ಬರೋದಕ್ಕೆ ಬೇರೆ ಬಾಡಿಗೆ, ಅದೂ ರೈತನ ತಲೆಗೇ.

ಬಿಯರ್‌ಗೆ ಹಾಕೋ ಹಾಪ್ಸ್ ಬೆಳೆದ ಡೈಕ್ ಅನ್ನೋ ಇನ್ನೊಂದು ಪಾತ್ರದ ಪಾಡು ಇನ್ನೂ ಕೆಟ್ಟದ್ದು. ಪೌಂಡಿಗೆ 2 ಸೆಂಟ್ ಸಾಗಾಣಿಕೆ ಅಂತ ಲೆಕ್ಕ ಹಾಕಿ ಸಾಲ ಮಾಡಿದ. ಹಾಪ್ಸ್ ಬೆಲೆ ಏರಿತು; ರೈಲು ಬಾಡಿಗೆಯೂ 5 ಸೆಂಟ್ ಆಯ್ತು. ಲಾಭವೆಲ್ಲ ಅಲ್ಲೇ ಹೋಯ್ತು.

ಇದನ್ನು ವಾಸ್ತವವಾದವೋ ನಿಸರ್ಗವಾದವೋ ಅಂತ ವಿಮರ್ಶಕರು ಜಗಳ ಆಡಲಿ. ನನಗಂತೂ ಆ ಬಾಡಿಗೆ ಪಟ್ಟಿಯೇ ಕಾದಂಬರಿಯ ಖಳನಾಯಕ.

ಹಿನ್ನೆಲೆ ಕಟ್ಟುಕಥೆಯಲ್ಲ. ಎಕರೆಗೆ ಎರಡೂವರೆ ಡಾಲರ್‌ಗೆ ಜಮೀನು ಸಿಗುತ್ತೆ ಅಂತ ನಂಬಿ ನೆಲೆಸಿದ ರೈತರಿಗೆ ಸದರ್ನ್ ಪೆಸಿಫಿಕ್ ರೈಲು ಕಂಪನಿ ಆಮೇಲೆ ಹಲವು ಪಟ್ಟು ಬೆಲೆ ಹೇಳಿತು. ಆ ಜಗಳದಲ್ಲೇ 1880ರ ಮೇ 11ರಂದು ಕ್ಯಾಲಿಫೋರ್ನಿಯಾದ ಮಸೆಲ್ ಸ್ಲೂ ಅನ್ನೋ ಜಾಗದಲ್ಲಿ ಗುಂಡು ಹಾರಿ ಏಳು ಜನ ಸತ್ತರು.

ದೂರಕ್ಕಿಂತ ಹತ್ತಿರಕ್ಕೇ ಜಾಸ್ತಿ ಬಾಡಿಗೆ ಕೀಳೋದನ್ನು ತಡೆಯೋಕೆ ಅಮೆರಿಕದಲ್ಲಿ 1887ರಲ್ಲಿ ಕಾನೂನು ಬಂತು. ಹತ್ತೇ ವರ್ಷಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ ಅದರ ಹಲ್ಲು ಕಿತ್ತು ಕೂರಿಸಿತು.