ದಾಚಿಗಾಮದಲ್ಲಿ ಹಂಗುಲ್ ಅರಸುತ್ತ

ಅಕ್ಟೋಬರಿನ ಕೊನೆಯ ವಾರ, ಇನ್ನೂ ನಸುಕು ಹರಿಯುವ ಮುನ್ನವೇ, ಶ್ರೀನಗರದಿಂದ ಇಪ್ಪತ್ತೆರಡು ಕಿಲೋಮೀಟರ್ ದೂರದ ದಾಚಿಗಾಮ್ ರಾಷ್ಟ್ರೀಯ ಉದ್ಯಾನಕ್ಕೆ, ಹಂಗುಲ್ ಎಂಬ ಕಾಶ್ಮೀರಿ ಸಾರಂಗವನ್ನು ಅರಸುತ್ತ, ಹೊರಟೆವು. ಹಾರ್ವನ್ ತಲುಪುವವರೆಗೂ ಕಾರಿನ ಚಾಲಕರದು ಒಂದೇ ಮಾತು: ಮೊದಲಿನಂತೆ ಹಿಮ ಬೀಳುವುದಿಲ್ಲ, ಹವಾಮಾನವೇ ಕೆಟ್ಟಿದೆ, ಹಂಗುಲ್ ಇನ್ನೆಲ್ಲಿ ಉಳಿದೀತು? ಬೆಂಗಳೂರು ಬಿಡುವಾಗ ನನ್ನ ತಲೆಯಲ್ಲಿದ್ದ ವಿವರಣೆಯೂ ಹೆಚ್ಚುಕಡಿಮೆ ಅದೇ ಆಗಿದ್ದರಿಂದ ನಾನು ಹೂಂಗುಟ್ಟುತ್ತ ಕುಳಿತೆ.

ದಾಚಿಗಾಮ್ ಎಂದರೆ ಹತ್ತು ಹಳ್ಳಿ. ಶ್ರೀನಗರದ ಕುಡಿಯುವ ನೀರಿನ ಮೂಲವನ್ನು ಕಾಪಾಡಲು 1910ರ ಸುಮಾರಿಗೆ ಆ ಹಳ್ಳಿಗಳನ್ನು ಎಬ್ಬಿಸಲಾಯಿತು. ಮುಂದೆ ಮಹಾರಾಜರ ಬೇಟೆಯ ಕಾಡಾಗಿ, 1981ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ 141 ಚದರ ಕಿಲೋಮೀಟರ್ ಸೀಮೆಯೇ ಇಂದು ಹಂಗುಲ್‌ನ ಮುಖ್ಯ ಆಸರೆ. ಒಂದು ಕಾಲಕ್ಕೆ ಅದು ಕಿಶನ್‌ಗಂಗಾ ಕಣಿವೆಯಿಂದ ಹಿಮಾಚಲದ ಚಂಬಾವರೆಗೆ ಬಿಲ್ಲಿನಂತೆ ಹರಡಿತ್ತು. ಆ ಹರವಿನೊಳಗೆ ಬಾಂಡಿಪೋರಾ ಎಂಬ ಊರೂ ಬರುತ್ತದೆ. ನಮ್ಮ ಬಂಡೀಪುರದಲ್ಲಿ ಜಿಂಕೆಯನ್ನು ಹುಡುಕಬೇಕಾಗಿಯೇ ಇಲ್ಲದ್ದನ್ನು ನೆನೆದು ಅಲ್ಲಿ ನಗಬೇಕೋ ಬೇಡವೋ ತಿಳಿಯಲಿಲ್ಲ.

ದಗವಾನ್ ಹೊಳೆಯ ಪಕ್ಕದ ಹಾದಿಯಲ್ಲಿ, ಉದುರಿದ ಹಳದಿ ಎಲೆಗಳ ಮೇಲೆ ಕಾವಲುಗಾರರ ಹಿಂದೆ ನಡೆಯುತ್ತಿದ್ದಾಗ, ಎದುರಿನ ಇಳಿಜಾರಿನಿಂದ ಒಂದು ಕೂಗು ಬಂತು. ಹಳೆಯ ಬಾಗಿಲ ಕೀಲಿನಂತೆ ಕಿರುಗುಟ್ಟುತ್ತ ಶುರುವಾದದ್ದು ಗೂಳಿಯ ಗುಟುರಿನಲ್ಲಿ ಮುಗಿಯಿತು. ಬೆದೆಗಾಲದ ಗಂಡು. ಅರ್ಧ ಗಂಟೆ ಕಾದರೂ ಅದರ ಕವಲುಗೊಂಬು ಕಾಣಲಿಲ್ಲ. ಕಂಡದ್ದು ಎರಡು ಹೆಣ್ಣು ಮಾತ್ರ. ಕಡವೆಯನ್ನು ನೆನಪಿಸುವ ಕಂದು ಮೈ, ಹಿಂಭಾಗದಲ್ಲಿ ಬಿಳಿಯ ಮಚ್ಚೆ. ನೀರಿನಂಚಿನಲ್ಲಿ ನಿಂತು ಕಿವಿ ನಿಮಿರಿಸಿ ನಮ್ಮನ್ನು ನೋಡಿ, ಅವಸರವೇನೂ ಇಲ್ಲದೆ ಪೊದೆಗಳ ನಡುವೆ ಸರಿದುಹೋದವು. ಮೇ-ಜೂನ್‌ನಲ್ಲಿ ಈದಿದ್ದರೆ ಈ ಹೊತ್ತಿಗೆ ಮರಿಗಳು ಜೊತೆಯಲ್ಲಿರಬೇಕಿತ್ತು. ಒಂದೂ ಇರಲಿಲ್ಲ.

ಕಾವಲುಗಾರರು ಬಾಗಿ, ಮುಳ್ಳುಕಂಟಿಗೆ ಸಿಕ್ಕಿಕೊಂಡಿದ್ದ ಬಿಳಿಯ ಎಳೆಗಳ ಗುಚ್ಛವೊಂದನ್ನು ಕಿತ್ತು ನನ್ನ ಅಂಗೈಗಿಟ್ಟರು. ಜಿಡ್ಡುಜಿಡ್ಡಾಗಿತ್ತು, ಮೂಸಿದರೆ ಕೊಟ್ಟಿಗೆಯ ವಾಸನೆ. ಕುರಿಯ ಉಣ್ಣೆ.

ನನ್ನ ವಿವರಣೆ ಸಡಿಲಗೊಂಡದ್ದು ಅಲ್ಲಿಯೇ. ಹಂಗುಲ್ ಬೇಸಿಗೆಯಲ್ಲಿ ಮೇಲಿನ ದಾಚಿಗಾಮದ ಹುಲ್ಲುಗಾವಲಿಗೆ ಏರಿ, ಚಳಿಗಾಲದಲ್ಲಿ ಕೆಳಗಿನ ಕಣಿವೆಗೆ ಇಳಿಯುವ ಪ್ರಾಣಿ. ಮೇಲೆ, ಬೇಸಿಗೆಯಲ್ಲಿ, ಕುರಿಮಂದೆಗಳೂ ಅವುಗಳನ್ನು ಕಾಯುವ ನಾಯಿಗಳೂ ಬರುತ್ತವೆ. ತೊಂಬತ್ತರ ದಶಕದ ಹಿಂಸೆಯಿಂದಾಗಿ ಬೇರೆ ಮೇವುಗಾವಲುಗಳು ಮುಚ್ಚಿದಾಗ ಈ ಒತ್ತಡ ಇನ್ನೂ ಹೆಚ್ಚಿತು. ಕೆಳಗೆ, ಉದ್ಯಾನದೊಳಗೇ, ಸರ್ಕಾರಿ ಕುರಿ ತಳಿ ಕೇಂದ್ರ ದಶಕಗಳ ಕಾಲ ಬೀಡುಬಿಟ್ಟಿತ್ತು. ಮರಿಗಳ ಸಂಖ್ಯೆ ಕಡಿಮೆಯಿರುವುದೇ ಹಂಗುಲ್‌ನ ದೊಡ್ಡ ತೊಂದರೆಯೆಂದು ಅದನ್ನು ಅಧ್ಯಯನ ಮಾಡಿದವರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ನಾಯಿ, ಚಿರತೆ, ಕರಡಿ ಮೂರಕ್ಕೂ ಎಳೆಯ ಮರಿ ಸುಲಭದ ತುತ್ತು.

ಲೆಕ್ಕವೂ ಹವಾಮಾನದ ಜೊತೆ ಹೊಂದುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೂರರಿಂದ ಐದು ಸಾವಿರ ಇದ್ದವೆಂದು ಅಂದಾಜಿಸಲಾದ ಹಂಗುಲ್, 1970ರ ಹೊತ್ತಿಗೇ ಇನ್ನೂರಕ್ಕಿಂತ ಕೆಳಗೆ ಕುಸಿದಿತ್ತು. ಭೂಮಿಯ ಬಿಸಿ ಯಾರ ಬಾಯಲ್ಲೂ ಇಲ್ಲದ ಕಾಲವದು, ಕೋವಿಯ ಕಾಲ. 2008ರ ಗಣತಿಯಲ್ಲಿ 127 ಇದ್ದದ್ದು, ಬಿಸಿ ಏರುತ್ತಲೇ ಇದ್ದ ವರ್ಷಗಳಲ್ಲಿ, 2023ಕ್ಕೆ 289 ಆಯಿತು. ಇದರ ಹತ್ತಿರದ ಬಂಧುವಾದ ಬುಖಾರಾ ಸಾರಂಗವಂತೂ ಮಧ್ಯ ಏಷ್ಯಾದ ಮರುಭೂಮಿ ನದಿಗಳ ಅಂಚಿನ ಕಾಡಿನಲ್ಲಿ, ಕಾಶ್ಮೀರಕ್ಕಿಂತ ಎಷ್ಟೋ ಸುಡುವ ಬೇಸಿಗೆಯಲ್ಲಿ ಬಾಳುತ್ತದೆ. ಕಳೆದ ಶತಮಾನದ ಕೊನೆಯಲ್ಲಿ ಕೆಲವೇ ನೂರಕ್ಕೆ ಇಳಿದಿದ್ದ ಅದು ರಕ್ಷಣೆ ಸಿಕ್ಕ ಮೇಲೆ ಸಾವಿರಗಳ ಲೆಕ್ಕಕ್ಕೆ ಮರಳಿತು.

ಹಾಗೆಂದು ಚಾಲಕರ ಮಾತು ಸುಳ್ಳೆನ್ನಲಾರೆ. ಹಿಮ ಕಡಿಮೆಯಾದರೆ ಮೇಲಿನ ಹುಲ್ಲು ಯಾವಾಗ ಚಿಗುರುತ್ತದೆ, ಹೊಳೆ ಎಷ್ಟು ಹರಿಯುತ್ತದೆ ಎಂಬುದೆಲ್ಲ ಬದಲಾಗುತ್ತದೆ, ಮತ್ತು ಮುನ್ನೂರರ ಆಸುಪಾಸಿನ ಗುಂಪೊಂದಕ್ಕೆ ಒಂದು ಕೆಟ್ಟ ವರ್ಷವೂ ದುಬಾರಿಯೇ. ಆದರೆ ದಪ್ಪ ಹಿಮ ಬಿದ್ದ ಚಳಿಗಾಲದಲ್ಲಿ ಇವೇ ಪ್ರಾಣಿಗಳು ಮೇವಿಗಾಗಿ ಹಳ್ಳಿಯಂಚಿಗೆ ಇಳಿದು ನಾಯಿಗಳ ಬಾಯಿಗೆ ಬೀಳುವುದೂ ಉಂಟು. ನನಗೆ ಕಸಿವಿಸಿಯಾಗುವುದು ಬೇರೆ ಕಾರಣಕ್ಕೆ: ಹವಾಮಾನದ ಮೇಲೆ ಹೊರಿಸಿದ ಕ್ಷಣಕ್ಕೇ ಮೇವುಗಾವಲು ಹಂಚಿದವರು, ಬೇಟೆಯಾಡಿದವರು, ಕಣ್ಣುಮುಚ್ಚಿ ಕುಳಿತವರು ಎಲ್ಲರೂ ಆರಾಮಾಗಿ ಪಾರಾಗುತ್ತಾರೆ.

ಮಧ್ಯಾಹ್ನ ಗೇಟಿನ ಬಳಿ ಚಾಲಕರು ನೂನ್ ಚಾಯ್ ಎಂಬ ಉಪ್ಪಿನ ಚಹಾ ಕುಡಿಯುತ್ತ ಕಾದಿದ್ದರು. ಏನಾದರೂ ಕಂಡಿತೇ ಎಂದರು. ಎರಡು ಹೆಣ್ಣು, ಮರಿ ಇಲ್ಲ ಎಂದೆ. ‘ಹಿಮ ಇಲ್ಲವಲ್ಲ’ ಎಂದು ಅವರು ಗಾಡಿ ಸ್ಟಾರ್ಟ್ ಮಾಡಿದರು. ನಾನು ಜೇಬಿನಿಂದ ಆ ಉಣ್ಣೆಯ ಗುಚ್ಛವನ್ನು ತೆಗೆದು ಅವರೆದುರು ಡ್ಯಾಶ್‌ಬೋರ್ಡಿನ ಮೇಲಿಟ್ಟೆ.