ಗ್ರನಾಡಾ: ಕೊನೆಯ ದೋಣಿ ನಾಲ್ಕೂವರೆಗೆ

ಹಡಗಿನವರು ಕೊಟ್ಟ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು ಒಂದೇ ಮಾತು: ಕೊನೆಯ ದೋಣಿ ನಾಲ್ಕೂವರೆಗೆ. ನಿಕರಾಗುವಾದ ಸಾನ್ ಹುವಾನ್ ದೆಲ್ ಸುರ್‌ನಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಕೊಲ್ಲಿಯ ನಡುವೆಯೇ ಲಂಗರು ಹಾಕುತ್ತದೆ. ಅಲ್ಲಿಂದ ಸಣ್ಣ ದೋಣಿಯಲ್ಲಿ ಧಕ್ಕೆಗೆ. ಅಲೆ ಜಾಸ್ತಿ ಇತ್ತು. ಇಳಿಯುವಾಗ ಯಜಮಾನರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ನನಗೆ ಭಯ ಆಗದಿರಲಿ ಅಂತಂತೆ. ಇರಲಿ.

ಗ್ರನಾಡಾಕ್ಕೆ ಬಸ್ಸಿನಲ್ಲಿ ಹತ್ತಿರಹತ್ತಿರ ಎರಡು ಗಂಟೆ. ರಸ್ತೆ ಬದಿಯ ಬೇಲಿ ನೋಡಿ ನಾನು ಎದ್ದು ಕೂತೆ. ಗೊಬ್ಬರದ ಗಿಡ! ಅಪ್ಪನ ಅಡಿಕೆ ತೋಟದ ಬೇಲಿಯಲ್ಲಿದ್ದ ಅದೇ ಗ್ಲಿರಿಸಿಡಿಯಾ. ಗೈಡ್ ಹುಡುಗಿ ಅದನ್ನು 'ಮಾದೆರೋ ನೆಗ್ರೋ' ಅಂದಳು. ಅದರ ತವರೇ ಈ ಕಡೆ. ನಮ್ಮ ದೇವಸ್ಥಾನಗಳ ದೇವಕಣಗಿಲೆಯ ತವರೂ ಇದೇ. ಇವರಿಗೆ ಅದು ರಾಷ್ಟ್ರೀಯ ಹೂವು. ಇಷ್ಟು ದೂರ ಬಂದು ನೆಂಟರನ್ನು ಕಂಡ ಹಾಗಾಯಿತು.

ಬಲಗಡೆ ಕೊಸಿಬೋಲ್ಕಾ ಸರೋವರ ಕಾಣಿಸಿತು. ಅದರೊಳಗಿನ ಒಮೆತೆಪೆ ದ್ವೀಪದಲ್ಲಿ ಎರಡು ಜ್ವಾಲಾಮುಖಿಗಳಿವೆ ಅಂದಳು ಹುಡುಗಿ. ಮೋಡ ಮುಚ್ಚಿತ್ತು, ಏನೂ ಕಾಣಲಿಲ್ಲ.

ಗ್ರನಾಡಾವನ್ನು ಸ್ಪೇನಿನವರು 1524ರಲ್ಲಿ ಕಟ್ಟಿದರು. ಕಟ್ಟಿದವನು ಹೆರ್ನಾಂದೆಸ್ ದೆ ಕೊರ್ದೋಬಾ. ಇಲ್ಲಿನ ದುಡ್ಡಿಗೂ ಅವನದೇ ಹೆಸರು, ಕೊರ್ದೋಬಾ. ಊರು ಕಡಲಿಂದ ದೂರ ಇದ್ದರೂ ಕಡಲ್ಗಳ್ಳರು ಬಿಡಲಿಲ್ಲ. 1665ರಲ್ಲಿ ಹೆನ್ರಿ ಮಾರ್ಗನ್ ಕೆರಿಬಿಯನ್ ಕಡೆಯಿಂದ ಸಾನ್ ಹುವಾನ್ ನದಿಗುಂಟ ಬಂದು, ಸರೋವರ ದಾಟಿ, ಊರನ್ನು ದೋಚಿಕೊಂಡು ಹೋದ.

ಅದಕ್ಕಿಂತ ಕೆಟ್ಟ ಕಥೆ ವಿಲಿಯಂ ವಾಕರನದು. ಅಮೆರಿಕದವನು. ಇಲ್ಲಿನ ಎರಡು ಪಕ್ಷಗಳ ಜಗಳದಲ್ಲಿ ಒಂದು ಪಕ್ಷದವರೇ ಕರೆಸಿಕೊಂಡರು. 1855ರಲ್ಲಿ ಸುಮಾರು 60 ಜನರ ಜೊತೆ ಬಂದ. ಮರುವರ್ಷ ತಾನೇ ಅಧ್ಯಕ್ಷ ಅಂದ. ರದ್ದಾಗಿದ್ದ ಗುಲಾಮಗಿರಿಯನ್ನು ವಾಪಸ್ ತಂದ. ಅಕ್ಕಪಕ್ಕದ ದೇಶಗಳೆಲ್ಲ ಸೇರಿ ಮೇಲೆ ಬಿದ್ದಾಗ, 1856ರ ಕೊನೆಗೆ, ಅವನ ಸೈನ್ಯ ಊರಿಗೇ ಬೆಂಕಿ ಇಟ್ಟಿತು. ಹೋಗುವಾಗ 'ಇಲ್ಲಿ ಗ್ರನಾಡಾ ಇತ್ತು' ಅಂತ ಬರೆದು ನೆಟ್ಟು ಹೋದರು. ಎಂಥಾ ಕೊಬ್ಬು ಅಲ್ವಾ? ನಾಲ್ಕು ವರ್ಷ ಕಳೆದು ಹೊಂಡುರಾಸ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಊರು ಮತ್ತೆ ಎದ್ದಿತು. ಚೌಕದ ಹಳದಿ ಕೆಥೆಡ್ರಲ್ ಕೂಡ ಆಮೇಲೆ ಕಟ್ಟಿದ್ದು.

ಲಾ ಮೆರ್ಸೆದ್ ಚರ್ಚಿನ ಗಂಟೆ ಗೋಪುರಕ್ಕೆ ಇಕ್ಕಟ್ಟಾದ ಸುರುಳಿ ಮೆಟ್ಟಿಲು. ಮಂಡಿ ನೋವಿನವರು ಯೋಚನೆ ಮಾಡಿ ಹತ್ತಿ. ಮೇಲಿಂದ ನೋಡಿದರೆ ಊರಿಗೆ ಊರೇ ನಾಡಹೆಂಚು. ಒಂದೊಂದು ಮನೆಯ ನಡುವೆಯೂ ಅಂಗಳ, ಅದರಲ್ಲಿ ಗಿಡಮರ. ಬೀದಿಯಲ್ಲಿ ಬರೀ ಬಣ್ಣದ ಗೋಡೆ ಕಂಡಿತ್ತು. ಒಳಗಿರುವುದು ತೊಟ್ಟಿಮನೆ ಅಂತ ಗೊತ್ತಾಗಿದ್ದು ಮೇಲೆ ಹತ್ತಿದ ಮೇಲೇ.

ಚೌಕದಲ್ಲಿ ವಿಗೊರೋನ್ ತಿಂದೆವು. ಬೇಯಿಸಿದ ಮರಗೆಣಸು, ಹುಳಿಹುಳಿ ಎಲೆಕೋಸು, ಮೇಲೆ ಹಂದಿ ಚರ್ಮದ ಕುರುಕಲು, ಎಲ್ಲಾ ಬಾಳೆ ಎಲೆಯ ಮೇಲೆ. ನಮಗೆ ಹಂದಿ ಬೇಡ ಅಂದಾಗ ಅಂಗಡಿಯಾಕೆ ಪಾಪ ಎಂಬಂತೆ ನೋಡಿ, ಮರಗೆಣಸು ಎರಡು ತುಂಡು ಜಾಸ್ತಿ ಹಾಕಿದಳು. ಉಪ್ಪು ಖಾರ ಎರಡೂ ಸರಿಯಾಗಿತ್ತು. ಹಡಗಿನಲ್ಲಿ ಹತ್ತು ದಿನ ತಿಂದ ಊಟಕ್ಕಿಂತ ಇದೇ ಮೇಲು.

ಆಮೇಲೆ ಸರೋವರ. 8,264 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಶಿವಮೊಗ್ಗ ಜಿಲ್ಲೆಯಷ್ಟು. ಆಚೆ ದಡ ಕಾಣುವುದಿಲ್ಲ. ಯಜಮಾನರು ದೋಣಿಯಿಂದ ಕೈ ಅದ್ದಿ ನಾಲಿಗೆಗೆ ಹಚ್ಚಿ, "ಉಪ್ಪೇ ಇಲ್ಲ ಕಣೇ" ಅಂದರು. ನದಿ ಹಿಡಿದು ಸಮುದ್ರದ ಬುಲ್ ಶಾರ್ಕ್‌ಗಳೂ ಇಲ್ಲಿಗೆ ಬರುತ್ತಿದ್ದವಂತೆ. ಮಿತಿಮೀರಿ ಹಿಡಿದು ಈಗ ತೀರಾ ಅಪರೂಪ. ಅದನ್ನು ಕೇಳಿದ ಮೇಲೆ ಅವರು ಕೈ ಒಳಗೆ ಇಟ್ಟುಕೊಂಡರು.

ದಡದ ಹತ್ತಿರ ಸುಮಾರು 365 ಪುಟ್ಟ ದ್ವೀಪಗಳಿವೆ. ಸಾವಿರಾರು ವರ್ಷಗಳ ಹಿಂದೆ ಮೊಂಬಾಚೋ ಜ್ವಾಲಾಮುಖಿಯ ಒಂದು ಮಗ್ಗುಲು ಕುಸಿದು ನೀರಿಗೆ ಬಿದ್ದ ಕಲ್ಲುಗಳೇ ಅವು. ಒಂದರಲ್ಲಿ ಶ್ರೀಮಂತರ ಬಂಗಲೆ, ಪಕ್ಕದ್ದರಲ್ಲಿ ಮೀನುಗಾರರ ತಗಡಿನ ಮನೆ. ಮರಗಳಲ್ಲಿ ಗೀಜಗನ ಗೂಡಿನಂಥ ಉದ್ದ ಗೂಡುಗಳು ತೂಗುತ್ತಿದ್ದವು.

ಈ ಜ್ವಾಲಾಮುಖಿಗಳು ಇವರಿಗೆ ಒಂದು ಕಾಲುವೆಯನ್ನೂ ತಪ್ಪಿಸಿವೆ. ಎರಡು ಸಮುದ್ರ ಸೇರಿಸುವ ಕಾಲುವೆ ಈ ಸರೋವರದ ಮೂಲಕವೇ ಆಗಲಿ ಅನ್ನುವವರು ಅಮೆರಿಕದಲ್ಲಿ ಬಹಳ ಜನ ಇದ್ದರು. ಪನಾಮಾ ಪರವಾಗಿ ಓಡಾಡುತ್ತಿದ್ದ ಬ್ಯುನೋ-ವರಿಯಾ ಎಂಬ ಫ್ರೆಂಚ್ ಎಂಜಿನಿಯರ್ 1902ರಲ್ಲಿ ಒಂದು ಉಪಾಯ ಮಾಡಿದ. ಹೊಗೆ ಉಗುಳುವ ಮೊಮೊತೊಂಬೋ ಬೆಟ್ಟದ ಚಿತ್ರ ಇದ್ದ ನಿಕರಾಗುವಾದ್ದೇ ಅಂಚೆಚೀಟಿಯನ್ನು ಸೆನೆಟರ್‌ಗಳಿಗೆಲ್ಲ ಕಳಿಸಿದ. ನೋಡಿ, ಇಂಥ ಕಡೆ ಕಾಲುವೆ ತೋಡ್ತೀರಾ ಅಂತ. ಸೆನೆಟ್ ಪನಾಮಾ ಕಡೆ ವಾಲಿತು. ಕೆಲವೇ ದಿನದ ಹಿಂದೆ ನಾವು ಆ ಪನಾಮಾ ಕಾಲುವೆ ದಾಟುವಾಗ ಡೆಕ್ ಮೇಲೆ ನಿಂತು ಚಪ್ಪಾಳೆ ತಟ್ಟಿದ್ದೆವು.

ವಾಪಸ್ ಬರುವಾಗ ಮೋಡ ಸರಿದಿತ್ತು. ಒಮೆತೆಪೆಯ ಎರಡೂ ಶಿಖರ ಒಮ್ಮೆಲೇ ಕಂಡವು. ಒಂದು ನಿಮಿಷ ನಿಲ್ಲಿಸಿ ಅಂದೆವು. ಡ್ರೈವರ್ ಮಾತಾಡದೆ ಗಡಿಯಾರ ತೋರಿಸಿದ. ಕಿಟಕಿಯಿಂದಲೇ ಒಂದು ಫೋಟೋ ಹೊಡೆದೆ. ಅದರಲ್ಲಿ ಮೂರು ಶಿಖರ ಇವೆ. ನಡುವಿನದು ಗಾಜಿನಲ್ಲಿ ಮೂಡಿದ ಯಜಮಾನರ ಬೋಳು ತಲೆ.