ಪಾಪ್-ಅಪ್ ಬಂದ ಕೂಡಲೇ ಫಾರ್ಮ್ಯಾಟ್ ಮಾಡಿಸಬೇಡಿ

ಮನೆ ಕಂಪ್ಯೂಟರಿನ ಮೂಲೆಯಲ್ಲಿ ಪದೇ ಪದೇ ‘ನಿಮ್ಮ ಸಿಸ್ಟಮ್‌ಗೆ ವೈರಸ್ ಬಂದಿದೆ’ ಅಂತ ಡಬ್ಬಿ ಏಳುತ್ತಿದ್ದರೆ, ಬಹಳಷ್ಟು ಸಲ ಅಲ್ಲಿ ವೈರಸ್ಸೇ ಇರುವುದಿಲ್ಲ. ಶಿವಮೊಗ್ಗದಲ್ಲಿ ಮನೆಗಳಿಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕೆಲಸ. ಈ ಮಾತನ್ನು ಫೋನಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ‘ಇಲ್ಲ ಸಾರ್, ಫಾರ್ಮ್ಯಾಟೇ ಮಾಡಬೇಕಂತೆ, ಅಂಗಡಿಯಲ್ಲಿ ಹೇಳಿದರು’ ಅನ್ನುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಫಾರ್ಮ್ಯಾಟ್ ಅಂದರೆ ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಬೇಡದ ಫಾರ್ಮ್ಯಾಟ್ ಮಾಡಿಸಿಕೊಂಡು ಮಕ್ಕಳ ಫೋಟೋ, ವರ್ಷಗಟ್ಟಲೆ ಕೂತು ಟೈಪ್ ಮಾಡಿದ ಫೈಲು ಕಳೆದುಕೊಂಡವರನ್ನು ನೋಡಿದ್ದೇನೆ. ಅವರಿಗೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ.

ನಾನು ಹೋದ ಕೂಡಲೇ ಸ್ಕ್ಯಾನ್ ಹಾಕುವುದಿಲ್ಲ. ಆ ಪಾಪ್-ಅಪ್ ಇನ್ನೊಂದು ಸಲ ಬರಲಿ ಅಂತ ಕಾಯುತ್ತೇನೆ. ಬಂದಾಗ ದೊಡ್ಡ ಅಕ್ಷರ ಬಿಟ್ಟು ಸಣ್ಣ ಅಕ್ಷರ ಓದುತ್ತೇನೆ. ವಿಂಡೋಸ್ 10 ಮತ್ತು 11ರಲ್ಲಿ ಕೆಳಗೆ ಬಲಗಡೆ ಬರುವ ಆ ಡಬ್ಬಿಯಲ್ಲಿ ಕ್ರೋಮ್ ಅಥವಾ ಎಡ್ಜ್ ಅಂತ ಬ್ರೌಸರಿನ ಹೆಸರಿದ್ದು, ಜೊತೆಗೆ ಓದಲೂ ಬಾರದ ಯಾವುದೋ ವೆಬ್‌ಸೈಟ್ ವಿಳಾಸ ಇದ್ದರೆ ಅದು ಬರೀ ನೋಟಿಫಿಕೇಷನ್. ಆಂಟಿವೈರಸ್ ಕೊಟ್ಟ ಎಚ್ಚರಿಕೆ ಅಲ್ಲ. ಆ ಸೈಟಿಗೆ ಮನೆಯಲ್ಲಿ ಯಾರೋ ಯಾವತ್ತೋ ‘ಅಲೋ’ (Allow, ಅಂದರೆ ಒಪ್ಪಿಗೆ) ಒತ್ತಿದ್ದಾರೆ, ಅಷ್ಟೇ.

ಕ್ರೋಮ್‌ನಲ್ಲಿ ಈ ಸೌಲಭ್ಯ ಬಂದಿದ್ದು 2015ರಲ್ಲಿ. ಸುದ್ದಿ, ಮೇಲ್, ಕ್ಯಾಲೆಂಡರ್ ಇಂಥವಕ್ಕೆ ನಿಜಕ್ಕೂ ಉಪಯೋಗ ಇದೆ. ಆದರೆ ಒಂದು ಸಲ ಒಪ್ಪಿಗೆ ಕೊಟ್ಟರೆ ಆ ಪೇಜನ್ನು ಮುಚ್ಚಿದ ಮೇಲೂ ನೋಟಿಫಿಕೇಷನ್ ಬರುತ್ತಲೇ ಇರುತ್ತದೆ. ಅದನ್ನೇ ಮೋಸದ ಸೈಟು ನಡೆಸುವವರು ಹಿಡಿದುಕೊಂಡರು. ಕ್ರಿಕೆಟ್ ಮ್ಯಾಚ್ ಪುಕ್ಕಟೆ ನೋಡಲು ಹೋದರೆ ‘ವಿಡಿಯೋ ಶುರುವಾಗಲು ಅಲೋ ಒತ್ತಿ’ ಅನ್ನುತ್ತದೆ. ಪಿಡಿಎಫ್ ಅನ್ನು ವರ್ಡ್ ಮಾಡಲು ಹೋದರೆ ‘ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ’ ಅನ್ನುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ವಾರ ನನಗೆ ಇಂಥ ಕರೆ ಜಾಸ್ತಿ. ಎಲ್ಲರೂ ಒಟ್ಟಿಗೆ ನುಗ್ಗಿ ಸರ್ಕಾರದ ಪೇಜು ತೆರೆಯಲು ತಡವಾಗುತ್ತದೆ, ಮಕ್ಕಳಿಗೆ ಎದೆ ಡವಡವ, ಸರ್ಚ್‌ನಲ್ಲಿ ಸಿಕ್ಕ ಸಿಕ್ಕ ಸೈಟಿಗೆ ಹೋಗಿ ಕೇಳಿದ್ದಕ್ಕೆಲ್ಲ ಅಲೋ ಒತ್ತುತ್ತಾರೆ. ಅಂಥ ಹೊತ್ತಿನಲ್ಲಿ ಯಾರು ತಾನೇ ಓದಿ ಒತ್ತುತ್ತಾರೆ, ಅಲ್ವಾ?

ಆ ಡಬ್ಬಿಯ ಮೇಲೆ ಒತ್ತಿದರೆ ಕೆಲವು ಸಲ ನಿಜವಾದ ಆಂಟಿವೈರಸ್ ಕಂಪನಿಯ ಪೇಜೇ ತೆರೆಯುತ್ತದೆ. ಜನ ಮೋಸ ಹೋಗುವುದು ಇಲ್ಲೇ. ಪೇಜು ಅಸಲಿ, ಹಾಗಾದರೆ ಎಚ್ಚರಿಕೆಯೂ ಅಸಲಿ ಅಂದುಕೊಳ್ಳುತ್ತಾರೆ. ನಡುವೆ ನಿಂತು ಆ ಡಬ್ಬಿ ಕಳಿಸುವವನಿಗೆ ಬೇಕಾಗಿರುವುದು ಮಾರಾಟದ ಕಮಿಷನ್. ನಿಮ್ಮ ಕಂಪ್ಯೂಟರಿನ ಒಳಗೆ ಏನಿದೆ ಅಂತ ಅವನಿಗೆ ಗೊತ್ತೇ ಇರುವುದಿಲ್ಲ, ಒಂದು ವೆಬ್‌ಸೈಟಿಗೆ ನಿಮ್ಮ ಡಿಸ್ಕ್ ಸ್ಕ್ಯಾನ್ ಮಾಡಲು ಬರುವುದೂ ಇಲ್ಲ.

ಇದಕ್ಕೆ ಮದ್ದು ಸುಲಭ. ಕ್ರೋಮ್‌ನಲ್ಲಿ ಮೇಲೆ ಬಲಗಡೆಯ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಷನ್ಸ್. ಅಲೋ ಪಟ್ಟಿಯಲ್ಲಿ ಪರಿಚಯವಿಲ್ಲದ ಹೆಸರನ್ನೆಲ್ಲ ತೆಗೆದುಹಾಕಿ. ಅಲ್ಲೇ ಮೇಲೆ, ಇನ್ನು ಮುಂದೆ ಯಾವ ಸೈಟೂ ಕೇಳಲೇಬಾರದು ಅನ್ನುವ ಆಯ್ಕೆಯೂ ಇದೆ. ವಯಸ್ಸಾದವರು ಬಳಸುವ ಕಂಪ್ಯೂಟರಿನಲ್ಲಿ ಅವರನ್ನು ಕೇಳಿಯೇ ನಾನು ಅದನ್ನು ಹಾಕಿ ಬರುತ್ತೇನೆ. ಎಡ್ಜ್‌ನಲ್ಲಿ ದಾರಿ ಸ್ವಲ್ಪ ಬೇರೆ, ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ನೋಟಿಫಿಕೇಷನ್ ಅಂತ ಬರೆದರೆ ಸಿಗುತ್ತದೆ. ಆಮೇಲೆ ಮನಸ್ಸಿನ ಸಮಾಧಾನಕ್ಕೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನಲ್ಲಿ ಒಂದು ಫುಲ್ ಸ್ಕ್ಯಾನ್ ಹಾಕಿ. ಮನೆ ಬಳಕೆಗೆ ಅದು ಸಾಕು. ದುಡ್ಡು ಕೊಟ್ಟು ಇನ್ನೊಂದು ಆಂಟಿವೈರಸ್ ಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಫಾರ್ಮ್ಯಾಟ್ ಬೇಡ ಅಂತ ನಾನು ಇಷ್ಟು ಹಟ ಹಿಡಿಯುವುದಕ್ಕೆ ಒಂದು ಮನೆಯ ಕಥೆ ಕಾರಣ. ನಿವೃತ್ತ ಮೇಷ್ಟರೊಬ್ಬರು ವಚನಗಳ ಮೇಲಿನ ತಮ್ಮ ಬರಹವನ್ನೆಲ್ಲ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟುಕೊಂಡಿದ್ದರು. ಪಾಪ್-ಅಪ್ ಬರುತ್ತದೆ ಅಂತ ಅಂಗಡಿಗೆ ಕೊಟ್ಟರು, ಅವರು ಫೈಲುಗಳನ್ನು ಬೇರೆ ಕಡೆ ಇಟ್ಟುಕೊಂಡು ಫಾರ್ಮ್ಯಾಟ್ ಮಾಡಿ ವಾಪಸ್ ಹಾಕಿಕೊಟ್ಟರು. ಮನೆಗೆ ತಂದು ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆ, ಒಂದಕ್ಷರವೂ ಕನ್ನಡ ಇಲ್ಲ. ಹಳೆಯ ನುಡಿ ಫೈಲುಗಳು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಪದ್ಧತಿಯಲ್ಲಿ ಇರುವುದಿಲ್ಲ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಹಾಗೇ ಕಾಣುವುದು. ಬರಹ ಏನೂ ಹಾಳಾಗಿರುವುದಿಲ್ಲ, ಫಾಂಟ್ ಹಾಕಿದರೆ ಮತ್ತೆ ಕನ್ನಡ ಕಾಣುತ್ತದೆ. ಪಾಪ ಅವರಿಗೆ ಅದು ಗೊತ್ತಿಲ್ಲ, ವೈರಸ್ಸೇ ತಿಂದುಹಾಕಿತು ಅಂದುಕೊಂಡರು. ಆಮೇಲೆ ಯಾರೋ ನುಡಿ ಹಾಕಿಕೊಳ್ಳಿ ಅಂದಿದ್ದಕ್ಕೆ ಸರ್ಚ್‌ನಲ್ಲಿ ಹುಡುಕಿದರು. ಸಿಕ್ಕಿದ್ದು ಎಲ್ಲ ಸಾಫ್ಟ್‌ವೇರನ್ನೂ ಪುಕ್ಕಟೆ ಕೊಡುತ್ತೇವೆ ಅನ್ನುವ ಒಂದು ಡೌನ್‌ಲೋಡ್ ಸೈಟು. ಅಲ್ಲಿ ಹಸಿರು ಬಣ್ಣದ ದೊಡ್ಡ ಡೌನ್‌ಲೋಡ್ ಬಟನ್ ಜಾಹೀರಾತಿನದು, ಅಸಲಿ ಕೊಂಡಿ ಕೆಳಗೆ ಸಣ್ಣದಾಗಿ ಇರುತ್ತದೆ. ಹಸಿರು ಒತ್ತಿದರು. ಅಲ್ಲಿಯವರೆಗೆ ಇಲ್ಲದಿದ್ದ ಮಾಲ್‌ವೇರ್, ಅಂದರೆ ಕೇಡು ಮಾಡುವ ತಂತ್ರಾಂಶ, ಆಗ ಬಂತು. ನುಡಿಯನ್ನು ಮಾಡಿದ್ದು ಕನ್ನಡ ಗಣಕ ಪರಿಷತ್ತು, ಅವರ ಸೈಟಿನಿಂದಲೇ ಇಳಿಸಿಕೊಳ್ಳಬೇಕು. ದುಡ್ಡೂ ಕೊಡಬೇಕಾಗಿಲ್ಲ.

ಅವರ ಕಂಪ್ಯೂಟರಿನಲ್ಲಿ ನಾನು ನೋಡಿದ್ದು ನಿಜವಾದ ಆ್ಯಡ್‌ವೇರ್, ಅಂದರೆ ಜಾಹೀರಾತು ತುರುಕುವ ಮಾಲ್‌ವೇರ್. ಅದರ ಗುರುತು ಬೇರೆ. ಗೂಗಲ್‌ನಲ್ಲಿ ಹುಡುಕಿದರೆ ಇನ್ಯಾವುದೋ ಸರ್ಚ್ ಪೇಜಿಗೆ ಹೋಗುತ್ತದೆ. ಒಳ್ಳೆಯ ಸೈಟಿನಲ್ಲೂ ಇಲ್ಲದ ಜಾಹೀರಾತು ಕಾಣುತ್ತದೆ. ಕ್ರೋಮ್‌ನ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಪಟ್ಟಿಯಲ್ಲಿ ನೀವು ಹಾಕದೇ ಇರುವ ಒಂದು ಹೆಸರು ಇರುತ್ತದೆ, ತೆಗೆಯೋಣ ಅಂದರೆ ತೆಗೆಯುವ ಬಟನ್ನೇ ಸಿಗುವುದಿಲ್ಲ. ಮೂರು ಚುಕ್ಕಿಯ ಮೆನುವಿನ ಕೊನೆಯಲ್ಲಿ ‘ನಿಮ್ಮ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಅನ್ನುವ ಅರ್ಥದ ಸಾಲು ಇರುತ್ತದೆ. ಮನೆ ಕಂಪ್ಯೂಟರಿಗೆ ಯಾವ ಸಂಸ್ಥೆ? ಆಫೀಸಿನವರು ನೂರಾರು ಕಂಪ್ಯೂಟರಿಗೆ ಒಂದೇ ನಿಯಮ ಹಾಕಲು ಇರುವ ಪಾಲಿಸಿ ಸೌಲಭ್ಯವನ್ನು ಆ್ಯಡ್‌ವೇರ್ ತನಗೆ ಬಳಸಿಕೊಂಡಿರುತ್ತದೆ. ಕೆಲವು ಆಂಟಿವೈರಸ್‌ಗಳೂ ಪಾಲಿಸಿ ಹಾಕುತ್ತವೆ, ಹಾಗಾಗಿ ಆ ಸಾಲು ಕಂಡ ಮಾತ್ರಕ್ಕೆ ಗಾಬರಿ ಬೇಡ, ಕ್ರೋಮ್‌ನ ಪಾಲಿಸಿ ಪೇಜು ತೆರೆದು ಯಾವುದನ್ನು ಬಲವಂತವಾಗಿ ಹಾಕಿದ್ದಾರೆ ಅಂತ ನೋಡಬೇಕು. ಅದನ್ನು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಿಂದ ತೆಗೆಯಬೇಕು. ಅಭ್ಯಾಸ ಇಲ್ಲದವರು ರಿಜಿಸ್ಟ್ರಿಗೆ ಕೈ ಹಾಕಬೇಡಿ. ಮಾಲ್‌ವೇರ್‌ಬೈಟ್ಸ್ ಕಂಪನಿಯವರ ಆ್ಯಡ್‌ವ್‌ಕ್ಲೀನರ್ ಅನ್ನುವ ಪುಕ್ಕಟೆ ಸಾಧನ ಇಂಥದ್ದನ್ನು ಬಹಳ ಮಟ್ಟಿಗೆ ತಾನೇ ತೆಗೆಯುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ ಪುಕ್ಕಟೆ ಸಾಧನಗಳನ್ನು ಕೊಡುತ್ತದೆ.

ಇಲ್ಲೂ ಫಾರ್ಮ್ಯಾಟ್ ಮಾಡಿದರೆ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ. ಗೂಗಲ್ ಖಾತೆಯಲ್ಲಿ ಸಿಂಕ್ ಆನ್ ಇದ್ದರೆ ಎಕ್ಸ್‌ಟೆನ್ಷನ್ನುಗಳೂ ಖಾತೆಯ ಜೊತೆ ಉಳಿದಿರುತ್ತವೆ. ಹೊಸದಾಗಿ ವಿಂಡೋಸ್ ಹಾಕಿ, ಕ್ರೋಮ್ ಹಾಕಿ, ಲಾಗಿನ್ ಆದ ಕೂಡಲೇ ಹಳೆಯ ಪೀಡೆಯೂ ವಾಪಸ್ ಬರಬಹುದು. ಒಂದು ಕಾಲಕ್ಕೆ ಒಳ್ಳೆಯದಿದ್ದ ಎಕ್ಸ್‌ಟೆನ್ಷನ್ ಆಮೇಲೆ ಕೆಡುವುದೂ ಉಂಟು. ದಿ ಗ್ರೇಟ್ ಸಸ್ಪೆಂಡರ್ ಅನ್ನುವುದನ್ನು ಜನ ನಂಬಿ ಬಳಸುತ್ತಿದ್ದರು. ಅದು ಬೇರೆಯವರ ಕೈಗೆ ಹೋದ ಮೇಲೆ, 2021ರ ಫೆಬ್ರವರಿಯಲ್ಲಿ, ಮಾಲ್‌ವೇರ್ ಇದೆ ಅಂತ ಗೂಗಲ್ಲೇ ತೆಗೆದುಹಾಕಿತು. ಅದಕ್ಕೇ ಎಕ್ಸ್‌ಟೆನ್ಷನ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅನ್ನುತ್ತೇನೆ.

ಇನ್ನೊಂದು ಬಗೆ ಇದೆ. ಇಡೀ ಪರದೆ ನೀಲಿಯೋ ಕೆಂಪೋ ಆಗಿ, ಸೈರನ್ ಕೂಗಿ, ಮೈಕ್ರೋಸಾಫ್ಟ್ ಹೆಸರಿನಲ್ಲಿ ಒಂದು ಫೋನ್ ನಂಬರು ತೋರಿಸುತ್ತದೆ. ‘ಕಂಪ್ಯೂಟರ್ ಲಾಕ್ ಆಗಿದೆ, ಆಫ್ ಮಾಡಬೇಡಿ’ ಅನ್ನುತ್ತದೆ. ಧೈರ್ಯವಾಗಿ ಆಫ್ ಮಾಡಿ. ಅದು ಫುಲ್‌ಸ್ಕ್ರೀನ್ ಆಗಿರುವ ಒಂದು ವೆಬ್ ಪೇಜು, ಬೇರೇನಲ್ಲ. ಎಸ್ಕೇಪ್ ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಮಾನ್ಯವಾಗಿ ಹೊರಗೆ ಬರುತ್ತದೆ. ಬರದಿದ್ದರೆ ಆಲ್ಟ್ ಮತ್ತು ಎಫ್4, ಅದೂ ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ. ಮತ್ತೆ ತೆರೆದಾಗ ಹಳೆಯ ಪೇಜು ರಿಸ್ಟೋರ್ ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ. ಮೈಕ್ರೋಸಾಫ್ಟ್‌ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರು ಇರುವುದೇ ಇಲ್ಲ, ಅದನ್ನು ಆ ಕಂಪನಿಯೇ ಹೇಳಿದೆ. ಆ ನಂಬರಿಗೆ ಕರೆ ಮಾಡಿದರೆ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ, ನಿಮ್ಮ ಪರದೆ ಅವರ ಕೈಗೆ ತೆಗೆದುಕೊಂಡು, ಬ್ಯಾಂಕಿಗೆ ಲಾಗಿನ್ ಆಗಿ ಅನ್ನುತ್ತಾರೆ.

ನನಗೆ ನಿಜವಾಗಿ ಭಯ ಆಗುವುದು ಸದ್ದೇ ಮಾಡದ ಬಗೆ. ‘ನೀವು ಮನುಷ್ಯರೇ ಅಂತ ತೋರಿಸಿ’ ಅನ್ನುವ ಪೇಜು, ಅದರಲ್ಲಿ ಮೂರು ಸೂಚನೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ಆ ಪೇಜು ಮೊದಲೇ, ಕಾಪಿ ಮಾಡಿದ್ದು ಕೂರುವ ನಿಮ್ಮ ಕ್ಲಿಪ್‌ಬೋರ್ಡಿಗೆ ಒಂದು ಕಮಾಂಡ್ ಹಾಕಿಟ್ಟಿರುತ್ತದೆ, ನೀವೇ ಕೈಯಾರೆ ಅದನ್ನು ಓಡಿಸಿದಂತೆ ಆಗುತ್ತದೆ. ಹೀಗೆ ಹರಡಿದ್ದರಲ್ಲಿ ಲುಮ್ಮಾ ಅನ್ನುವ ಕಳ್ಳ ತಂತ್ರಾಂಶ ಒಂದು. 2025ರ ಮಾರ್ಚ್ ಮತ್ತು ಮೇ ನಡುವೆ, ಎರಡೇ ತಿಂಗಳಲ್ಲಿ, ಜಗತ್ತಿನಲ್ಲಿ 3,94,000ಕ್ಕೂ ಜಾಸ್ತಿ ಕಂಪ್ಯೂಟರುಗಳಲ್ಲಿ ಅದನ್ನು ಕಂಡೆವು ಅಂತ ಮೈಕ್ರೋಸಾಫ್ಟ್ ಹೇಳಿತ್ತು. ಅದು ಪಾಪ್-ಅಪ್ ತೋರಿಸುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಕುಕಿ ಎಲ್ಲ ಎತ್ತಿಕೊಂಡು ಹೋಗುತ್ತದೆ. ಕುಕಿ ಅಂದರೆ ನೀವು ಲಾಗಿನ್ ಆಗಿದ್ದೀರಿ ಅಂತ ನೆನಪಿಡಲು ಸೈಟು ಬ್ರೌಸರಿನಲ್ಲಿ ಇಡುವ ಗುರುತು. ಅದು ಹೋದರೆ ಪಾಸ್‌ವರ್ಡ್, ಒಟಿಪಿ ಯಾವುದೂ ಇಲ್ಲದೆ ನಿಮ್ಮ ಖಾತೆಯೊಳಗೆ ಬರಬಹುದು. ಇಂಥ ಕಡೆ ಫಾರ್ಮ್ಯಾಟ್ ಮಾಡೋಣ ಅಂತ ನಾನೇ ಹೇಳುತ್ತೇನೆ. ಅದಕ್ಕೂ ಮೊದಲು ಆ ಕಂಪ್ಯೂಟರಿನ ಇಂಟರ್ನೆಟ್ ತೆಗೆದು, ಮೊಬೈಲಿನಿಂದ ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿಸುತ್ತೇನೆ.

ಇದನ್ನೆಲ್ಲ ಪತ್ತೆ ಮಾಡಲು ನನಗೆ ಬೇಕಾಗುವುದು ಒಂದೇ ಮಾಹಿತಿ, ಏನು ಒತ್ತಿದಿರಿ ಅಂತ. ಅದು ಸುಲಭಕ್ಕೆ ಸಿಗುವುದಿಲ್ಲ. ಮಕ್ಕಳು ಅಪ್ಪ ಬೈತಾರೆ ಅಂತ ಬಾಯಿ ಬಿಡುವುದಿಲ್ಲ. ವಯಸ್ಸಾದವರು ಬೆಂಗಳೂರಿನಲ್ಲಿರುವ ಮಗನಿಗೆ ಗೊತ್ತಾದರೆ ಕಂಪ್ಯೂಟರ್ ಮುಟ್ಟಲೇಬೇಡಿ ಅಂತಾನೆ ಅಂತ ಮುಚ್ಚಿಡುತ್ತಾರೆ. ಹಾಗಾಗಿ ಮನೆಯವರೆಲ್ಲ ಸುತ್ತ ನಿಂತಿರುವಾಗ ನಾನು ಕೇಳುವುದಿಲ್ಲ. ಎಲ್ಲರೂ ಅವರವರ ಕೆಲಸಕ್ಕೆ ಹೋದ ಮೇಲೆ, ಕಂಪ್ಯೂಟರ್ ಬಳಸುವವರನ್ನೇ ಪಕ್ಕಕ್ಕೆ ಕೂರಿಸಿಕೊಂಡು, ಅವತ್ತು ಏನು ಹುಡುಕುತ್ತಿದ್ದಿರಿ ಅಂತ ನಿಧಾನವಾಗಿ ಶುರು ಮಾಡುತ್ತೇನೆ. ಏನು ತಪ್ಪು ಮಾಡಿದಿರಿ ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಏನು ಬೇಕಾಗಿತ್ತು ಅಂತ ಕೇಳಿದರೆ ಪೂರ್ತಿ ಹೇಳುತ್ತಾರೆ. ದಯವಿಟ್ಟು ಮನೆಯಲ್ಲೂ ಬೈಯಬೇಡಿ. ಬೈದರೆ ಮುಂದಿನ ಸಲ ದುಡ್ಡು ಹೋದರೂ ನಿಮಗೆ ಹೇಳುವುದಿಲ್ಲ.

ಕರೆ ಮಾಡಿದವರಿಗೆ ನಾನು ಬರುವುದರೊಳಗೆ ಮಾಡಿಡಲು ಹೇಳುವುದು ಇಷ್ಟು. ಪಾಪ್-ಅಪ್ ಬಂದಾಗ ಅದರ ಮೇಲೆ ಏನನ್ನೂ ಒತ್ತದೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ, ಸಣ್ಣ ಅಕ್ಷರ ಕಾಣುವ ಹಾಗೆ. ಹೊಸ ಆಂಟಿವೈರಸ್ ಯಾವುದನ್ನೂ ಇಳಿಸಬೇಡಿ. ಯಾರಿಗಾದರೂ ಪರದೆ ತೋರಿಸಿದ್ದರೆ, ಒಟಿಪಿ ಹೇಳಿದ್ದರೆ, ದುಡ್ಡು ಹೋಗಿದ್ದರೆ ನನಗಾಗಿ ಕಾಯಬೇಡಿ. ವೈಫೈ ಆರಿಸಿ, ಬ್ಯಾಂಕಿಗೆ ಮತ್ತು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ, ಯಾಕೆಂದರೆ ಬೇಗ ತಿಳಿಸಿದರೆ ದುಡ್ಡು ಬೇರೆ ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಅವರಿಗೆ ಅವಕಾಶ ಇರುತ್ತದೆ. ಕಂಪ್ಯೂಟರನ್ನು ನಾಳೆ ಬೇಕಾದರೂ ನೋಡಬಹುದು.